ಗಾಜಿನ ಬಾಗಿಲಾಚೆಯ ವಾಲಗ

ಓದುಗರಿಗೆ ನಮಸ್ಕಾರ. ಒಂದೇ ಬೆರಳಲ್ಲಿ ಟೈಪ್ ಮಾಡುವವನು ನಾನು. ಒತ್ತಕ್ಷರ ತಪ್ಪಿದ್ದರೆ ಮನ್ನಿಸಿ. ಚಿಕ್ಕಂದಿನಲ್ಲಿ ತಂದೆಯ ಜೊತೆ ಮದುವೆಗಳಲ್ಲಿ ವಾಲಗ ಊದುತ್ತಿದ್ದೆ, ಹಾಗಾಗಿ ಅಕ್ಷರ ಕಲಿತದ್ದು ತಡವಾಗಿ.

ಎರಡು ಸಾವಿರದ ಆರೋ ಏಳೋ ಇರಬೇಕು. ಅಮೆರಿಕದ ಬೆಲ್ವ್ಯೂ ಊರಿನ ಒಂದು ಹೋಟೆಲಿನಲ್ಲಿ ದೋಸೆ ಹುಯ್ಯುತ್ತಾ, ಸಂಜೆ ಕಾಲೇಜಿಗೆ ಹೋಗುತ್ತಿದ್ದೆ. ಸಂಗೀತದ ತರಗತಿಯಲ್ಲಿ ಪಕ್ಕ ಕೂರುತ್ತಿದ್ದ ಬೆಂಗಳೂರಿನ ಹೆಂಗಸೊಬ್ಬರ ಮಾತೇ ವಾರಕ್ಕೆಲ್ಲ ನನ್ನ ಕಿವಿಗೆ ಬೀಳುತ್ತಿದ್ದ ಕನ್ನಡ. ಅಲ್ಲೇ ಹತ್ತಿರದ ಇಸ್ಸಾಕ್ವಾದಲ್ಲಿ ಮನೆ ಕೊಂಡಿದ್ದರು. ಗೃಹಪ್ರವೇಶದ ಊಟಕ್ಕೆ ಬರಲೇಬೇಕು ಎಂದು ಕರೆದರು. ನಮ್ಮವರ ನಡುವೆ ಕೂತು ಉಂಡು ವರ್ಷಗಳಾಗಿದ್ದವು. ಅಂದೇ ಪಂಚೆಗೆ ಇಸ್ತ್ರಿ ಮಾಡಿಟ್ಟೆ.

ಅಷ್ಟರಲ್ಲಿ ಟೀಚರಮ್ಮ ಜರ್ಮನ್ ಹಾಡುಗಳ ಪಾಠ ಶುರು ಮಾಡಿದರು. ಒಂದು ದನಿ, ಒಂದು ಪಿಯಾನೊ, ಅಷ್ಟೇ. ಅವುಗಳಲ್ಲಿ ಊರಾಚೆ ಉಳಿದ ಸಂಗೀತಗಾರ ಮತ್ತೆ ಮತ್ತೆ ಬರುತ್ತಾನಂತೆ. ಅವನ ಹಾಡು ಬೇಕು, ಅವನು ಬೇಡ. ನಿಮ್ಮ ಕಡೆಯೂ ಇಂಥವರಿದ್ದಾರಾ ಎಂದು ಕೇಳಿದರು. ನಾನು ಎದ್ದು ಹರಕು ಇಂಗ್ಲಿಷಿನಲ್ಲಿ ಹೇಳಿದೆ: ನಾವು ಊದದೆ ಯಾರೂ ತಾಳಿ ಕಟ್ಟುವುದಿಲ್ಲ, ಆದರೆ ನಮ್ಮ ಎಲೆ ಹಾಕುವುದು ಚಪ್ಪರದ ಹಿಂದೆ, ಎಲ್ಲರೂ ಉಂಡ ಮೇಲೆ. ತರಗತಿ ಚಪ್ಪಾಳೆ ತಟ್ಟಿತು.

"ವಾಲಗದವ್ರಾ ನೀವು? ನೋಡಿದ್ರೆ ಹಾಗನ್ಸಲ್ಲ," ಎಂದರು ಪಕ್ಕದವರು. ಮರುದಿನ ಫೋನ್ ಮಾಡಿ, ಬರುವಾಗ ನಾದಸ್ವರ ತನ್ನಿ ಎಂದರು.

ತಂದೆಯ ನಾದಸ್ವರ ಒಯ್ದೆ. ಒಳಗೆ ಸದ್ದು ಜಾಸ್ತಿಯಾಗುತ್ತದೆಂದು ಹಿಂದಿನ ಡೆಕ್ ಮೇಲೆ, ಅಂದರೆ ಹೊರಗಿನ ಮರದ ಜಗಲಿಯಲ್ಲಿ, ನಿಲ್ಲಿಸಿದರು. ಜಿನುಗು ಮಳೆ. ನಾಲ್ಕು ಸ್ವರ ಊದುವಷ್ಟರಲ್ಲಿ ನೆಂಟರೊಬ್ಬರು, "ಸೀಡಿಗಿಂತ ವಾಸಿ ಕಣ್ರೀ, ಆಫ್ ಮಾಡೋ ಬಟನ್ ಒಂದಿಲ್ಲ," ಎಂದರು. ಎಲ್ಲರೂ ನಕ್ಕರು. ಹೀಟರಿನ ಬಿಸಿ ಹೊರಗೆ ಹೋಗುತ್ತದೆಂದು ಆಕೆಯ ಯಜಮಾನರು ಗಾಜಿನ ಬಾಗಿಲು ಎಳೆದರು. ತುಟಿ ಮರಗಟ್ಟುವವರೆಗೆ ಊದಿದೆ. ಗಾಜಿನಾಚೆ ಎಲೆ ಹಾಕಿದರು, ಬಡಿಸಿದರು, ಉಂಡರು.

ಕೊನೆಗೆ ಆಕೆ ಬಾಗಿಲನ್ನು ಗೇಣಷ್ಟು ಸರಿಸಿ ಡಬ್ಬಿಯೊಂದನ್ನು ಚಾಚಿದರು.

"ಪಾರ್ಸಲ್ ಕಟ್ಟಿದೀನಿ. ನಮ್ಮತ್ತೆ ಬಂದಿದಾರೆ, ಅವ್ರಿಗೆ ಸ್ವಲ್ಪ ಮಡಿ. ತಪ್ಪು ತಿಳ್ಕೋಬೇಡಿ."

ಬಸ್ ಸ್ಟಾಪಿನಲ್ಲಿ ನಿಂತು ತಣ್ಣಗಿನ ಹೋಳಿಗೆ ತಿಂದೆ. ಹಸಿವಾಗಿತ್ತು.

ಮುಂದಿನ ವಾರ ತರಗತಿಯಲ್ಲಿ ಅಂಥದ್ದೇ ಇನ್ನೊಂದು ಹಾಡು ಹಾಕಿದರು. ಚಳಿಯಲ್ಲಿ ಹೊರಗೆ ನಿಂತ ಹಾಡುಗಾರನನ್ನು ಯಾರೂ ಒಳಗೆ ಕರೆಯುವುದಿಲ್ಲ ಎಂದು ಟೀಚರಮ್ಮ ಅರ್ಥ ಹೇಳಿದರು. ಪಕ್ಕದಲ್ಲಿ ಮೂಗೆಳೆಯುವ ಸದ್ದು. ತಿರುಗಿದರೆ ಆಕೆ ಅಳುತ್ತಿದ್ದರು.

"ಪಾಪ ಅಲ್ವಾ," ಎಂದರು ನನಗೆ.

ಹೌದು ಮೇಡಂ ಎಂದೆ.

ನಿಮಗೂ ಯಾರಾದರೂ ಹೀಗೆ ಊಟಕ್ಕೆ ಕರೆದು ಡಬ್ಬಿ ಕೊಟ್ಟು ಕಳಿಸಿದ್ದುಂಟೇ? ಇದ್ದರೆ ಬರೆಯಿರಿ, ನಿಧಾನವಾಗಿಯಾದರೂ ಓದುತ್ತೇನೆ.