ಕಸಿಮಿರಾಳ ಬೊಗಸೆ

ಕಸಿಮಿರಾಳ ಬಲಗೈಯಲ್ಲಿ ಉಳಿದದ್ದು ಮೂರೇ ಬೆರಳು. ಹೊರೆ ಹೊರುವ ಲಾಮಾ ಬೆದರಿ, ಬೆರಳಿಗೆ ಸುತ್ತಿದ್ದ ಹಗ್ಗ ಜಗ್ಗಿದಾಗ ಎರಡು ಹೋದವು. ಆಲೂಗಡ್ಡೆ ಅಗೆಯಲು, ನೂಲು ತೆಗೆಯಲು ಮೂರೇ ಸಾಕಾಗಿದ್ದವು. ಸಂತೆಯದೇ ಚಿಂತೆ. ಕಣಿವೆಯ ಆ ಸಂತೆಯಲ್ಲಿ ದುಡ್ಡಿಲ್ಲ, ತಕ್ಕಡಿಯಿಲ್ಲ; ಬೊಗಸೆಗೆ ಬೊಗಸೆ ವಿನಿಮಯ, ಅವರವರ ಸರಕು ಅವರವರ ಬೊಗಸೆಯಲ್ಲೇ ಅಳೆಯಬೇಕು. ಅದು ಮಳೆಗೆ ಮುಂಚಿನ ಕೊನೆಯ ಸಂತೆ. ಅಂದು ಮುಸುಕಿನ ಜೋಳ ಸಿಗದಿದ್ದರೆ ಬೆಟ್ಟದ ಮೇಲಿನ ಅವಳ ಮನೆಯಲ್ಲಿ ಮಳೆಗಾಲವಿಡೀ ಬರೀ ಗಡ್ಡೆಯೇ ಗತಿ.

ನಸುಕಿನಲ್ಲೇ ಲಾಮಾದ ಮೇಲೆ ಚೀಲ ಹೇರಿ, ನಾದಿನಿ ಹಿಲಾರಿಯಾಳ ಜೊತೆ ಇಳಿದು ಬಂದಳು. ಇಂಕಾ ದೊರೆಗಳ ಕಾಲದ ದುಂಡು ಕಣಜಗಳ ಹತ್ತಿರ ಗಾಳಿಗೆ ಮರೆಯಾಗಿ ಕೂತು ದಣಿವಾರಲು ಕೋಕಾ ಎಲೆ ಬಾಯಿಗಿಟ್ಟರು. ಸೂರಿಲ್ಲದ ಕಣಜದೊಳಗೆ ಕಸಿಮಿರಾ ಇಣುಕಿ ನೋಡಿದಳು.

"ಇಷ್ಟು ದೊಡ್ಡದಕ್ಕೆ ಯಾರ ಬೊಗಸೇಲಿ ಅಳೆದರೋ!"

"ದೊರೇದೇ ಇರ್ಬೇಕು ಅತ್ತಿಗೆ. ಅವನಿಗೆ ಹತ್ತೂ ಬೆರಳಿದ್ವಲ್ಲ," ಎಂದಳು ಹಿಲಾರಿಯಾ. ಇಬ್ಬರೂ ನಕ್ಕರು. ಕಸಿಮಿರಾಳ ನಗು ಬೇಗ ನಿಂತಿತು.

ಸಂತೆಯಲ್ಲಿ ಹಿಮಕ್ಕೊಡ್ಡಿ ಒಣಗಿಸಿದ ಬಿಳಿ ಗಡ್ಡೆಯ ಚೀಲ ಬಿಚ್ಚಿದಳು. ಜೋಳ ತಂದಿದ್ದ ಹೆಂಗಸರಿಬ್ಬರು ಬಂದು ಅವಳ ಕೈ ನೋಡಿ ಮುಂದೆ ಹೋದರು. ಮೂರನೆಯವಳು ಕಣಿವೆಯ ಯೂಸೆಬಿಯಾ, ಬಾಯಿ ಜೋರು.

"ನಿನ್ನ ಬೊಗಸೆಗೆ ತೂತು ಬಿದ್ದಿದೆಯಲ್ಲೇ! ಸೋರೋದು ನಿನ್ನ ಕೈ, ನಷ್ಟ ನನಗಾ?"

"ಹಾಗಾದ್ರೆ ಎರಡನ್ನೂ ನೀನೇ ಅಳೆ," ಎಂದು ಕಸಿಮಿರಾ ಚೀಲ ಮುಂದೆ ತಳ್ಳಿದಳು. "ಹಾಕು ಕೈ."

ಹಿಲಾರಿಯಾ ಅವಳ ಶಾಲು ಜಗ್ಗಿದಳು. ಪರರ ಕೈ ಬಿದ್ದ ಚೀಲದಲ್ಲಿ ಅದೃಷ್ಟ ನಿಲ್ಲುವುದಿಲ್ಲ ಅಂತ ಅವರ ಕಡೆ ಮಾತು. ಯೂಸೆಬಿಯಾ ಅಂಗೈಯನ್ನು ಲಂಗಕ್ಕೆ ಎರಡು ಸಲ ಒರೆಸಿಕೊಂಡು, ದೇವರ ಗೂಡಿಗೆ ಕೈಯಿಡುವವಳ ಹಾಗೆ ಮೆಲ್ಲಗೆ ಮೊಗೆದಳು. ಒಂದು ಬೊಗಸೆ ಗಡ್ಡೆ, ಒಂದು ಬೊಗಸೆ ಜೋಳ. ಅದೇ ಕೈ, ಅದೇ ಅಳತೆ.

"ಕೊಸರು ಮಾತ್ರ ನಿನ್ನ ಕೈಯಿಂದಲೇ ಬೇಕು ಮಾರಾಯ್ತಿ," ಎಂದು ಶಾಲಿನ ಅಂಚೊಡ್ಡಿದಳು.

ಕಸಿಮಿರಾ ಕೊಟ್ಟಳು. ಎರಡು ಗಡ್ಡೆ ಜಾರಿ ಬಿದ್ದವು.

"ಬಿದ್ದದ್ದೂ ನನ್ನದೇ!" ಎಂದು ಯೂಸೆಬಿಯಾ ಆರಿಸಿಕೊಂಡಳು.

ನೋಡುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಕೈ ಒರೆಸಿಕೊಳ್ಳುತ್ತಾ ಬಂದರು. ಹೊತ್ತು ನೆತ್ತಿಗೇರುವಷ್ಟರಲ್ಲಿ ಲಾಮಾದ ಬೆನ್ನ ಎರಡೂ ಕಡೆ ಜೋಳ ತುಂಬಿತ್ತು. ಹಿಲಾರಿಯಾ ಮಾತ್ರ ಇನ್ನೂ ಉಳಿದಿದ್ದ ತನ್ನ ಅರ್ಧ ಚೀಲ ಗಡ್ಡೆಯ ಮುಂದೆ ಕೂತೇ ಇದ್ದಳು.

"ನಿನ್ನ ಚೀಲಕ್ಕೂ ಕೈ ಹಾಕೋಕೆ ಕರೀಲೇನೇ?"

"ಬಾಯ್ಮುಚ್ಚು ಅತ್ತಿಗೆ," ಎಂದವಳ ಕೈ ಆಗಲೇ ಚೀಲದ ಬಾಯಿ ಅಗಲವಾಗುವಂತೆ ಅಂಚನ್ನು ಕೆಳಕ್ಕೆ ಮಡಚುತ್ತಿತ್ತು.