ಕೈಗೆ ಹತ್ತಿದ ಬಿಸಿ

ನಮ್ಮ ಅಂಬಾ ವೈನಿ ಎಂಥಾಕಿ ಅಂತ ಯಾರರೆ ಕೇಳಿದ್ರ ನಾ ಮೊದಲ ಸುಟ್ಟ ಸೀರಿ ಸುದ್ದಿ ಹೇಳ್ತೀನಿ. ಬಿಬವೇವಾಡಿ ಭಾಜಿ ಮಾರ್ಕೆಟ್ಟಿನ ಹಿಂದ, ಎರಡನೇ ಮಜಲಿನ ಮನಿಯೊಳಗ ಅವರು ಸೀರಿಗೆ ಫಾಲ್ ಹಚ್ಚಿ ಪಿಕೊ ಮಾಡಿ ಕೊಡ್ತಿದ್ರು. ಧಾರವಾಡದಿಂದ ಲಗ್ನ ಆಗಿ ಬಂದು ಇಪ್ಪತ್ತಾರು ವರ್ಷ, ಅದೇ ಕಿಡಕಿ, ಅದೇ ಮಶೀನು. ನಾ ಅವರ ನಾದಿನಿ ಮಂಜರಿ. ಅದೇ ಬಿಲ್ಡಿಂಗಿನ ಕೆಳಗಿನ ಮನಿ ನಂದು, ಮಧ್ಯಾಹ್ನ ಮ್ಯಾಲೆ ಹೋಗಿ ಇಸ್ತ್ರಿ ಮಾಡಿ ಕೊಡ್ತಿದ್ದೆ.

ಒಂದಿನ ಯಾರದೋ ರೇಶ್ಮಿ ಸೀರಿ ಮ್ಯಾಲೆ ಇಸ್ತ್ರಿ ಇಟ್ಟು ಫೋನಿನ್ಯಾಗ ಹರಟಿ ಹೊಡಕೋತ ನಿಂತೆ. ಸೆರಗು ಸುಟ್ಟು ಹೋತು. ಸೀರಿಯಾಕಿ ಬಂದು ಮರಾಠಿಯೊಳಗ ಬಾಯಿಗೆ ಬಂದ್ಹಂಗ ಬೈಲಿಕ್ಕೆ ಸುರು ಮಾಡಿದ್ಳು. ವೈನಿ ಎದ್ದು ಬಂದು ನನ್ನ ಹಿಂದ ಸರಿಸಿ, ನನ್ನ ಕೈಲೆ ಆತು, ತಪ್ಪಾತು ಅಂದ್ರು. ನಮ್ಮ ಕೇದಾರಣ್ಣಗೂ ಹಂಗೇ ಹೇಳಿದ್ರು. ಪಾಪ, ಅವ ಅದನ್ನ ಖರೇ ಅಂತ ನಂಬಿ ವರ್ಷಗಟ್ಟಲೆ ಹೆಂಡತಿಗೆ 'ಇಸ್ತ್ರಿಬಾಯಿ' ಅಂತ ಚ್ಯಾಷ್ಟಿ ಮಾಡ್ಕೋತ ಬಂದ. ವೈನಿ ನಗತಿದ್ರು, ನಾನೂ ನಾಚಿಕಿ ಬಿಟ್ಟು ನಗತಿದ್ದೆ.

ಹೋದ ವರ್ಷ ವೈನಿ ಎದಿಯೊಳಗ ಗಂಟು ಬಂತು. ಆಪರೇಷನ್ ಆತು, ಕೀಮೋ ಸುರು ಆತು. ಕೂದಲಾ ಹೋದ್ವು, ಬಾಯಾಗ ಹುಣ್ಣಾದ್ವು. ಆಗ ನಾ ಕೊಂಢವಾದೊಳಗ ಮೂರು ಐತವಾರ ಹೋಗಿ ರೇಕಿ ಕಲತು ಬಂದೆ. ಮೈ ಮ್ಯಾಲೆ ಕೈ ಇಟ್ಟು ಶಕ್ತಿ ಹರಿಸೂದು. ಕಡೀ ದಿನ ಸರ್ಟಿಫಿಕೇಟ್ ಕೊಟ್ರು. ಹತ್ತನೇತ್ತಾ ಫೇಲಾದಾಕಿ ನಾ, ಹಿಗ್ಗಿ ಹೀರೀಕಾಯಿ ಆಗಿ ಅದಕ್ಕ ಕಟ್ಟು ಹಾಕಿಸಿ ಗ್ವಾಡಿಗೆ ತೂಗ ಹಾಕಿದೆ.

ಡಾಕ್ಟರನ್ನ ಕೇಳೇ ಮಾಡಿದ್ವಿ, ಕದ್ದು ಮಾಡಲಿಲ್ಲ. "ಜೀವಕ್ಕ ಆರಾಮ ಅನಿಸಿದ್ರ ಮಾಡ್ರಿ. ಔಷಧ ಬಿಡಬ್ಯಾಡ್ರಿ, ಮತ್ತ ಜ್ವರ ನೂರು ದಾಟಿತಂದ್ರ ಯಾವ ಹೊತ್ತಿದ್ರೂ ಸೀದಾ ಇಲ್ಲಿ ಬರ್ರಿ" ಅಂದ್ರು. ಒಂದು ಗುಳಗಿ ತಪ್ಪಲಿಲ್ಲ. ಖರೇ ಹೇಳ್ತೀನಿ, ನಾ ಕೈ ಇಟ್ರ ವೈನಿಗೆ ನಿದ್ದಿ ಹತ್ತತಿತ್ತು, ವಾಂತಿ ಕಮ್ಮಿ ಅನಸ್ತಿತ್ತು. "ನಿನ್ನ ಕೈಯಾಗ ಏನೋ ಅದ ಬಿಡು" ಅಂತಿದ್ರು. ಎರಡೂ ಕಡೆ ಸಂಭಾಳಿಸೋ ಶಾಣ್ಯಾರು ನಾವು ಅಂತ ನಾ ತಿಳಕೊಂಡಿದ್ದೆ.

ರೇಕಿ ಕಲಿಸಿದಾಕಿ ಮೂರು ಮಾತು ಬರಸಿದ್ಳು. ಇಪ್ಪತ್ತೊಂದು ದಿನ ತಪ್ಪಬಾರದು, ಕೂತ ಮ್ಯಾಲೆ ನಡುವ ಏಳಬಾರದು. ಅಂಗೈಗೆ ಬಿಸಿ ಹತ್ತಿದ್ರ ಶಕ್ತಿ ಹರೀಲಿಕ್ಕತ್ತದ ಅಂತ ತಿಳೀರಿ. ಮೈ ನಡುಗಿದ್ರ ಒಳಗಿನ ಹೊಲಸು ಹೊರಗ ಹೊಂಟದ ಅಂತ ತಿಳೀರಿ.

ಮೂರನೇ ಕೀಮೋ ಆಗಿ ಒಂಬತ್ತು ದಿನ ಆಗಿತ್ತು. ನಮ್ಮ ಲೆಕ್ಕದಾಗ ಹದಿನೆಂಟನೇ ದಿನ. ಮಧ್ಯಾಹ್ನ ಮೂರಕ್ಕ ವೈನಿ ಮಶೀನಿನ ಬಾಜೂಕ ಗಾದಿ ಮ್ಯಾಲೆ ಮಲಗಿದ್ರು. ಹಣಿ ಮ್ಯಾಲೆ ಕೈ ಇಟ್ಟೆ. ಹದಿನೇಳು ದಿನ ಬರದಿದ್ದ ಬಿಸಿ ಅವತ್ತ ಚುರ್ ಅಂತ ಹತ್ತಿತು. ನಾ ಹುಚ್ಚಿ, ಖುಷಿ ಆದೆ.

"ವೈನಿ, ಇವತ್ತ ನನ್ನ ಕೈ ಹ್ಯಾಂಗ ಸುಡ್ಲಿಕ್ಕತ್ತಾವ ನೋಡ್ರಿ."

"ನಿನ್ನ ಕೈ ಸುಡ್ತಾವೋ, ನನ್ನ ಮೈ ಸುಡ್ತದೋ?" ವೈನಿ ಕಣ್ಣ ಮುಚ್ಚಿಕೊಂಡೇ ನಕ್ಕರು. "ಒಂದೀಟು ಥಂಡಿ ಬಂದ್ಹಂಗ ಆಗ್ಲಿಕ್ಕತ್ತದ. ಆ ಥರ್ಮಾಮೀಟರ್ ಕೊಡು."

"ನಡುವ ಏಳಬಾರದ್ರಿ. ಇನ್ನ ಅರ್ಧಾ ತಾಸು ಅಷ್ಟ."

ವೈನಿ ಚಾಚಿದ ಕೈ ಹಿಂದ ತಗೊಂಡ್ರು. ನಾ ಹೇಳಿದ್ದಕ್ಕ ಎಂದೂ ಒಲ್ಲೆ ಅಂದವರಲ್ಲ. ನಡಗಿದ್ರು, ಹೊಲಸು ಹೊಂಟದ ಅಂದೆ. ಆಮ್ಯಾಲೆ ಕಣ್ಣು ಎಳದು ಮಲಗಿದ್ರು. ಆರಾಮ ಹತ್ತೇದ ಅಂತ ಕೌದಿ ಹೊಚ್ಚಿ, ಕೆಳಗ ಬಂದು ಚಪಾತಿಗೆ ಹಿಟ್ಟು ನಾದಿದೆ. ಅವತ್ತ ನಾ ಹಾಡು ಬ್ಯಾರೆ ಗುನುಗತಿದ್ದೆ. ನೆನಸಿದ್ರ ಕೆನ್ನಿಗೆ ನಾನೇ ಹೊಡಕೋಬೇಕು ಅನಸ್ತದ.

ಅಣ್ಣ ವಿಮಾನ ನಗರದ ಆಫೀಸಿನಿಂದ ಏಳಕ್ಕ ಬಂದು ನೋಡಿದ್ರ ನೂರಾ ಮೂರು ಜ್ವರ. ರಿಕ್ಷಾದಾಗ ಹಾಕ್ಕೊಂಡು ದವಾಖಾನಿಗೆ ಓಡಿದ್ವಿ. ಜ್ವರ ಯಾವಾಗ ಬಂತು ಅಂತ ಡಾಕ್ಟರು ಕೇಳಿದ್ರು. ಸ್ಟ್ರೆಚರ್ ಮ್ಯಾಲಿಂದ ವೈನಿ ನನ್ನ ಮಾರಿ ನೋಡಿ ಹೇಳಿದ್ರು, "ಈಗ... ಸಂಜಿ ಮುಂದ." ನಾ ಹೌದು ಅಂತ ಗೋಣು ಹಾಕಿದೆ.

ರಕ್ತಕ್ಕ ನಂಜು ಏರಿತ್ತಂತ. ಮೂರನೇ ದಿನ ವೈನಿ ಹೋದ್ರು. ಆ ನಾಲ್ಕು ತಾಸು ಮೊದಲ ಒಯ್ದಿದ್ರ ಉಳೀತಿದ್ರೋ ಇಲ್ಲೋ, ನಾ ಯಾವ ಡಾಕ್ಟರಿಗೂ ಕೇಳಿಲ್ಲ. ಕೇಳೋ ಧೈರ್ಯ ನನಗಿಲ್ಲ.

ಮಾತಾಡಿಸಲಿಕ್ಕೆ ಬಂದವರಿಗೆಲ್ಲಾ ಅಣ್ಣ ಒಂದೇ ಮಾತು ಹೇಳ್ತಿದ್ದ. "ಜ್ವರ ಬಂದ ಅರ್ಧಾ ತಾಸಿನ್ಯಾಗ ಒಯ್ದೆ. ನಮ್ಮ ಕಡೆಯಿಂದ ಏನೂ ಕಮ್ಮಿ ಆಗಲಿಲ್ಲ." ಅಷ್ಟು ಹೇಳಿದ ಮ್ಯಾಲೆ ಅವಗ ಒಂದು ತುತ್ತು ಇಳೀತಿತ್ತು. ನಾ ಬಡಸ್ಕೋತ ನಿಂತು ಕೇಳತಿದ್ದೆ. ಈ ಮಾತು ಕಸಗೊಂಡ್ರ ಅವ ಏನು ಹಿಡಕೊಂಡು ಬದಕಬೇಕು ಅಂತ ನನಗ ನಾನೇ ನೆವ ಹೇಳ್ಕೊಂಡೆ. ಖರೇ ಅಂದ್ರ ನನಗ ಅವನ ಅಂಜಿಕಿ ಇತ್ತು.

ದಿನಕರ್ಮ ಎಲ್ಲಾ ಮುಗದು ವಾರ ಆಗಿತ್ತು. ನಾ ಚಹಾ ಒಯ್ದ್ರ ಅಣ್ಣ ವೈನಿ ಮಶೀನಿನ ಮುಂದಿನ ಸ್ಟೂಲಿನ ಮ್ಯಾಲೆ ಕೂತಿದ್ದ.

"ಮಂಜರಿ, ತಲಿ ಭಾಳ ಜಡ ಆಗೇದ. ಆಕಿಗೆ ಇಡ್ತಿದ್ದೆಲ್ಲಾ, ಹಂಗ ನನಗೂ ಒಂದೀಟು ಕೈ ಇಡು. ಆಕಿಗೆ ನಿನ್ನ ಕೈಲೆ ಭಾಳ ಸಮಾಧಾನ ಇತ್ತು."

ಹಿಂದ ನಿಂತು ಅವನ ತಲಿ ಮ್ಯಾಲೆ ಎರಡೂ ಕೈ ಇಟ್ಟೆ. ಅವ ಕಣ್ಣ ಮುಚ್ಚಿದ. ನನಗ ತಡೀಲಿಕ್ಕೆ ಆಗಲಿಲ್ಲ.

"ಅಣ್ಣಾ, ಜ್ವರ ಸಂಜಿಗೆ ಬಂದಿದ್ದಲ್ಲ. ಮಧ್ಯಾಹ್ನ ಮೂರಕ್ಕೇ ಇತ್ತು. ವೈನಿ ಥರ್ಮಾಮೀಟರ್ ಕೇಳಿದ್ರು. ನಾ ಕೊಡಲಿಲ್ಲ."

ಅವ ಅಲುಗಾಡಲಿಲ್ಲ. "ಆಕಿ ಸಂಜಿ ಮುಂದ ಅಂದ್ಳಲ್ಲ" ಅಂದ.

"ಆ ರೇಶ್ಮಿ ಸೀರಿನೂ ನಾನೇ ಸುಟ್ಟಿದ್ದೆ, ಅಣ್ಣಾ."

ಅಣ್ಣ ಒಂದೊಂದಾಗಿ ನನ್ನ ಎರಡೂ ಕೈ ತನ್ನ ತಲಿ ಮ್ಯಾಲಿಂದ ತಗದ.

"ನಿಮ್ಮ ಮನಿಗೆ ಹೋಗು" ಅಂದ.