ಎರಡು ಪಟ್ಟು ಮಾಡಿದರೆ ಕಡಿಮೆಯಾಗುವ ಲೆಕ್ಕ

ಮೊಬೈಲಿನಲ್ಲಿ ಅರ್ಧದ ಗುರುತು ಎಲ್ಲಿ ಅಡಗಿದೆಯೋ ನನಗಿನ್ನೂ ಸಿಕ್ಕಿಲ್ಲ. ಅಕ್ಷರದಲ್ಲೇ ಬರೆಯುತ್ತೇನೆ.

ಅರುವತ್ತರ ದಶಕ. ನಾನು ಬಲ್ಮಠದ ಕಡೆ ಬಿ.ಎಸ್ಸಿ. ಓದುತ್ತಿದ್ದೆ. ನಮ್ಮದು ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಕಟ್ಟಿನ ಮನೆ. ಅಪ್ಪ ಇದ್ದರೂ ಮಾತು ನಡೆಯುತ್ತಿದ್ದದ್ದು ಕುದ್ರೋಳಿಯಲ್ಲಿ ಹೋಟೆಲು ಇಟ್ಟಿದ್ದ ಸೋದರಮಾವನದು. ಅವರ ಷರತ್ತು: ಒಂದು ಪೇಪರ್ ಫೇಲಾದರೂ ಕಾಲೇಜು ಬಂದ್.

ಕೆಮಿಸ್ಟ್ರಿ ಪರೀಕ್ಷೆ ಬಂತು. ಹೈಡ್ರೋಜನ್ ಅಯೋಡೈಡ್ ಒಡೆದರೆ ಅರ್ಧ ಹೈಡ್ರೋಜನ್, ಅರ್ಧ ಅಯೋಡಿನ್. ಸಮತೋಲನ ಸ್ಥಿರಾಂಕ ಏಳರಲ್ಲೊಂದು. ಅರ್ಧಗಳು ಉಳಿಯದಂತೆ ಸಮೀಕರಣವನ್ನು ಎರಡು ಪಟ್ಟು ಮಾಡಿ ಬರೆದು, ಆಗ ಮುಕ್ತಶಕ್ತಿ ಮತ್ತು ಸ್ಥಿರಾಂಕ ಎಷ್ಟಾಗುತ್ತವೆಂದು ಹೇಳಬೇಕಿತ್ತು. ಇಷ್ಟೇಯಾ ಎಂದು ನಗು ಬಂತು. ಅಕ್ಕಿ ಎರಡು ಪಟ್ಟಾದರೆ ಉದ್ದು, ಉಪ್ಪು, ನೀರು ಎಲ್ಲವೂ ಎರಡು ಪಟ್ಟು. ಸ್ಥಿರಾಂಕ ಏಳರಲ್ಲೆರಡು ಎಂದು ಬರೆದೆ. ಅಂಥ ಲೆಕ್ಕಗಳಿಗೆಲ್ಲ ಅದೇ ಹೋಟೆಲು ವಿದ್ಯೆ ಹಾಕಿ ಎಲ್ಲರಿಗಿಂತ ಮೊದಲು ಎದ್ದು ಬಂದೆ.

ಫೇಲ್!

"ಮುಕ್ತಶಕ್ತಿ ಎರಡು ಪಟ್ಟು, ಸರಿ," ಎಂದರು ಮೇಷ್ಟ್ರು. "ಸ್ಥಿರಾಂಕ ಹಾಗಲ್ಲ. ಅದನ್ನು ಅದರಿಂದಲೇ ಗುಣಿಸಬೇಕು. ನಲುವತ್ತೊಂಬತ್ತರಲ್ಲೊಂದು."

ಎರಡು ಪಟ್ಟು ಮಾಡಿದ್ದು ಕಡಿಮೆಯಾಗುವುದೇ? ಫೇಲಾದದ್ದನ್ನೂ ಮರೆತು ದಾರಿಯುದ್ದಕ್ಕೂ ಅದನ್ನೇ ಲೆಕ್ಕ ಹಾಕುತ್ತ ಮನೆಗೆ ಬಂದೆ.

ಮಾವ ಕೇಳಿ ಕುರ್ಚಿಯಿಂದ ಎದ್ದೇಬಿಟ್ಟರು. "ಎಂತ? ಹೆಚ್ಚು ಹಾಕಿದ್ರೆ ಕಡಿಮೆಯಾ? ಆ ಮೇಷ್ಟ್ರಿಗೆ ತಲೆ ಸಮ ಉಂಟಾ? ನಾಳೆ ನಾನೇ ಬರ್ತೇನೆ!"

ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದೆ. ಆದರೆ ಮಾವ ಕಾಲೇಜಿಗೆ ಬಂದು ಬೊಬ್ಬೆ ಹಾಕುವುದನ್ನು ತಪ್ಪಿಸಲು ನಾನೇ ವಿವರಿಸಹೋದೆ.

"ಮಾವ, ಗೋಣಿ ತುಂಬ ತೆಂಗಿನಕಾಯಿ, ಏಳಕ್ಕೊಂದು ಹಾಳು ಅಂತ ಇಟ್ಕೊಳ್ಳಿ. ಎರಡು ಒಡೆದ್ರೆ ಎರಡೂ ಹಾಳಿರುವುದು ಹೆಚ್ಚಾ, ಕಡಿಮೆಯಾ?"

"ಎರಡೂ ಒಟ್ಟಿಗಾ? ಅಪರೂಪ ಮಾರಾಯ್ತಿ."

"ಏಳರಲ್ಲೊಂದರ ಏಳರಲ್ಲೊಂದು. ಇದೂ ಹೆಚ್ಚುಕಮ್ಮಿ ಹಾಗೆಯೇ."

ಮಾವ ಮೆಲ್ಲ ಕುಳಿತರು. "ಹಾಗಾದ್ರೆ ಮೇಷ್ಟ್ರದ್ದು ಸರಿ. ನೀನು ಫೇಲ್."

ಅಯ್ಯೋ! ನನ್ನ ಕಾಲಿಗೆ ನಾನೇ ಕೊಡಲಿ ಹಾಕಿಕೊಂಡಿದ್ದೆ.

"ಕಾಲೇಜು ಬಿಡಿಸಿದ್ರೆ ನೀನು ಹೋಟೆಲಿನ ಅಡುಗೆಮನೆಗೆ ಬರ್ತಿ," ಎಂದರು ಮಾವ, ತುಂಬ ಯೋಚಿಸಿ. "ಹಿಟ್ಟಿಗೂ ಇದೇ ಲೆಕ್ಕ ಹಾಕಿದ್ರೆ ನನ್ನ ಗತಿ ಎಂತ? ಬೇಡಪ್ಪ. ನಾಳೆ ಹೋಗಿ ಇನ್ನೊಮ್ಮೆ ಬರೀತೇನೆ ಅಂತ ಹೇಳು."